ಒಗ್ಗರಣೆ ಇಲ್ಲದ ಮೂರು ದಿನ

ನನ್ನ ಅಣ್ಣನ ಮೈಯಲ್ಲಿ ಹರಿಯುತ್ತಿರುವುದು ನನ್ನ ರಕ್ತ. ಇದು ಅಕ್ಕರೆಗೆ ಆಡುವ ಮಾತಲ್ಲ, ಆಸ್ಪತ್ರೆಯವರು ಕಾಗದದ ಮೇಲೆ ಬರೆದು ಕೊಟ್ಟಿದ್ದಾರೆ. ಐವತ್ತಾರು ವರ್ಷ ಬಿ ಪಾಸಿಟಿವ್ ಆಗಿದ್ದ ಮನುಷ್ಯ ಈಗ ನನ್ನ ಹಾಗೆ ಒ ಪಾಸಿಟಿವ್. ಅವನಿಗೆ ರಕ್ತದ ಕ್ಯಾನ್ಸರ್ ಬಂದಾಗ, ಸ್ಟೆಮ್ ಸೆಲ್ ಕೊಡಲು ಒಡಹುಟ್ಟಿದವರು ಹೊಂದುತ್ತಾರೋ ನೋಡೋಣ ಎಂದರು. ಅವನಿಗಿರುವ ಒಡಹುಟ್ಟು ನಾನೊಬ್ಬಳೇ. ಪರೀಕ್ಷೆ ಮಾಡಿಸಿದರೆ ಪೂರ್ತಿ ಹೊಂದಿತು. ಹುಟ್ಟಿದಾಗಿನಿಂದ ಒಂದು ವಿಷಯಕ್ಕೂ ಹೊಂದಿಕೊಳ್ಳದ ನಾವು ಇದೊಂದರಲ್ಲಿ ಹೇಗೆ ಹೊಂದಿದೆವೋ ಎಂದು ಅವ್ವ ಆ ಸಂಕಟದಲ್ಲೂ ನಕ್ಕಿದ್ದಳು.

ಕೊಡುವವರಿಗೆ ಅದೇನೂ ಮಹಾ ಸಾಹಸವಲ್ಲ. ಐದು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡೆ, ಮೂಳೆಗಳೆಲ್ಲ ಜ್ವರ ಬಂದ ಹಾಗೆ ನೋಯುತ್ತಿದ್ದವು. ಆಮೇಲೆ ಒಂದು ಯಂತ್ರದ ಪಕ್ಕದಲ್ಲಿ ಅರ್ಧ ದಿನ ಮಲಗಿದೆ. ಒಂದು ಕೈಯಿಂದ ಹೊರಗೆ ಹೋದ ರಕ್ತದಿಂದ ಯಂತ್ರ ತನಗೆ ಬೇಕಾದದ್ದನ್ನು ಸೋಸಿ ಇಟ್ಟುಕೊಂಡು, ಉಳಿದದ್ದನ್ನು ಇನ್ನೊಂದು ಕೈಗೆ ವಾಪಸು ಕಳಿಸುತ್ತಿತ್ತು. ನಿಜವಾದ ಕಷ್ಟ ಅಣ್ಣನದು. ಅವನು ಗಾಜಿನ ಕೋಣೆಯಲ್ಲಿ ವಾರಗಟ್ಟಲೆ ಇದ್ದು, ಕೂದಲು ಕಳೆದುಕೊಂಡು, ಕೊನೆಗೆ ಕುರ್ಲಾ ಪೂರ್ವದ ತನ್ನ ಬಿಲ್ಡಿಂಗ್‌ನ ಮೂರನೇ ಮಹಡಿಗೆ ಒಂದೊಂದೇ ಮೆಟ್ಟಿಲು ಹತ್ತಿ ಬಂದ.

ಆ ಮನೆಯಲ್ಲಿ ಅವನ ಜೊತೆ ಅವ್ವ, ಅತ್ತಿಗೆ ಮತ್ತು ಕಾಲೇಜಿಗೆ ಹೋಗುವ ಮಗಳು ಇದ್ದಾರೆ. ಅವ್ವ ಮಂಡ್ಯದ ಕಡೆಯವಳು. ಮುಂಬಯಿಗೆ ಬಂದು ಐವತ್ತೈದು ವರ್ಷವಾದರೂ ಅವಳ ಮಾತು ಮಂಡ್ಯ ಬಿಟ್ಟು ಕದಲಿಲ್ಲ. ಅತ್ತಿಗೆ ಧಾರವಾಡದ ಕಡೆಯವರು, ಅವರ ಮಾತೂ ಅಷ್ಟೇ. ಇಬ್ಬರ ನಡುವೆ ಬೆಳೆದ ಹುಡುಗಿ ಕೊನೆಗೆ ಹಿಂದಿಯೇ ವಾಸಿ ಎಂದು ತೀರ್ಮಾನಿಸಿದಳು. ನಾನು ಮುಲುಂಡ್‌ನಲ್ಲಿ ಒಬ್ಬಳೇ ಇರುತ್ತೇನೆ. ಮದುವೆಯಾಗಲಿಲ್ಲ, ಅದಕ್ಕೆ ನನ್ನ ಬಾಯಿಯೇ ಕಾರಣ ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ಕೆಲಸ ಬಾಂದ್ರಾದ ಒಂದು ಸರ್ಕಾರಿ ಕಚೇರಿಯಲ್ಲಿ, ದೂರು ತೆಗೆದುಕೊಳ್ಳುವ ಕೌಂಟರ್‌ನಲ್ಲಿ. ನನ್ನಂಥವಳನ್ನು ಅಲ್ಲಿ ಕೂರಿಸಿದವರು ಯಾರೋ, ಅವರ ಮೇಲೇ ಒಂದು ದೂರು ಬರೆಯಬೇಕು.

ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ಅಣ್ಣ ಏನು ಮಾಡಿದರೂ ಅದು ನನ್ನ ತಲೆಗೇ ಬಂತು. ಮೊದಲು ಅವನು ಸಾಧು ಪ್ರಾಣಿ, ಆಟೋದವನು ಬರುವುದಿಲ್ಲ ಎಂದರೆ ತಾನೇ ಕ್ಷಮೆ ಕೇಳಿ ನಡೆದು ಹೋಗುವವನು. ಮನೆಗೆ ಬಂದ ನಾಲ್ಕು ತಿಂಗಳಿಗೆ ಸ್ಟೇಷನ್ ಮುಂದೆ ಒಬ್ಬ ಆಟೋದವನ ಜೊತೆ ಕೈ ಬೀಸಿ ಜಗಳವಾಡಿದ. ಅತ್ತಿಗೆ ಬಿದ್ದು ಬಿದ್ದು ನಕ್ಕು ನನಗೆ ಫೋನ್ ಮಾಡಿದರು.

"ಇದು ಇವರ ರಕ್ತ ಅಲ್ಲ ಬಿಡವಾ, ಖರೇನ ನಿಂದ ಐತಿ!"

ಸ್ವಭಾವ ರಕ್ತದಲ್ಲಿ ಹೀಗೆ ದಾಟುವುದಿಲ್ಲ ಎಂದು ಡಾಕ್ಟರರು ಹೇಳಿದರು. ನಮ್ಮ ಮನೆಯಲ್ಲಿ ಅದನ್ನು ಯಾರೂ ಒಪ್ಪಲಿಲ್ಲ.

ಹದಿನಾಲ್ಕು ತಿಂಗಳು ಹೀಗೆ ಚೆನ್ನಾಗಿ ನಡೆಯಿತು. ಆಮೇಲೆ ಎಂದಿನ ರಕ್ತ ಪರೀಕ್ಷೆಯಲ್ಲಿ ಏನೋ ಸರಿ ಇಲ್ಲವೆಂದು ಮೂಳೆ ಮಜ್ಜೆಯ ಪರೀಕ್ಷೆ ಮಾಡಿದರು. ಕಾಯಿಲೆ ಮರಳಿ ಬಂದಿತ್ತು. ಡಾಕ್ಟರ್ ಒಬ್ಬ ಮರಾಠಿ ಹೆಂಗಸು, ನನಗಿಂತ ಚಿಕ್ಕವರು, ನನಗಿಂತ ಜೋರು. ಅಣ್ಣನನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು, ಸುತ್ತಿ ಬಳಸದೆ ಹಿಂದಿಯಲ್ಲಿ ಹೇಳಿದರು. ಅಣ್ಣ ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಈಗೇನು ಮಾಡಬಹುದು?" ಎಂದು ಕೇಳಿದ.

ಅವರು ಒಂದು ಹಳೆಯ ರಿಪೋರ್ಟಿನ ಹಿಂಬದಿಯಲ್ಲಿ ಗೆರೆ ಎಳೆಯುತ್ತಾ ವಿವರಿಸಿದರು. ಮೊದಲ ದಾರಿಯಾಗಿ ಹೊಸಬರ ರಕ್ತವನ್ನು ಮೈ ಒಪ್ಪಿಕೊಳ್ಳಲೆಂದು ಕೊಡುವ ಮಾತ್ರೆಯನ್ನು ನಿಲ್ಲಿಸಿ, ಆ ರಕ್ತವೇ ಕಾಯಿಲೆಯ ಮೇಲೆ ಬೀಳಲು ಬಿಡುತ್ತಾರಂತೆ. ಅಣ್ಣನಿಗೆ ಅದನ್ನು ಆಗಲೇ ನಿಲ್ಲಿಸಿಯಾಗಿತ್ತು. ಇನ್ನೊಂದು ಸಲ ಟ್ರಾನ್ಸ್‌ಪ್ಲಾಂಟ್ ಮಾಡಬಹುದು, ಬೇರೆಯವರಿಂದ, ಅರ್ಧ ಹೊಂದುವ ಮಗಳಿಂದಲೂ ಆಗುತ್ತದೆ. ಆದರೆ ಇಷ್ಟು ಬೇಗ ಅದನ್ನು ತಡೆದುಕೊಳ್ಳುವ ಶಕ್ತಿ ಅಣ್ಣನ ಮೈಗೆ ಇದೆಯೋ ಇಲ್ಲವೋ ಎಂಬ ಅನುಮಾನ ಅವರಿಗಿತ್ತು. ಪೇಪರಿನಲ್ಲಿ ಬರುತ್ತಲ್ಲ, ರೋಗಿಯ ಕೋಶಗಳನ್ನೇ ತೆಗೆದು ತರಬೇತಿ ಕೊಟ್ಟು ಮತ್ತೆ ಹಾಕುವ ಹೊಸ ಚಿಕಿತ್ಸೆ, ಅದರ ಬಗ್ಗೆ ನಾನು ಕೇಳಿದೆ. ಅದು ಬೇರೆ ಬಗೆಯ ರಕ್ತದ ಕ್ಯಾನ್ಸರಿಗೆ ಒಳ್ಳೆಯದು, ನಿಮ್ಮಣ್ಣನ ಬಗೆಗೆ ಇನ್ನೂ ಪ್ರಯೋಗದಲ್ಲಿದೆ ಎಂದರು. ಏನೂ ಮಾಡದೆ, ನೋವಾಗದಂತೆ ನೋಡಿಕೊಂಡು ಮನೆಯಲ್ಲೇ ಇರುವುದೂ ಒಂದು ದಾರಿ, ಅದನ್ನು ಆರಿಸಿಕೊಂಡರೂ ನಾನು ನಿಮ್ಮ ಜೊತೆಗಿರುತ್ತೇನೆ ಎಂದು ಅಣ್ಣನ ಮುಖ ನೋಡಿಯೇ ಹೇಳಿದರು. ಆ ಮಾತು ಕೇಳಿ ನನಗೆ ಅವರ ಮೇಲೆ ಕೆಂಡದಂಥ ಕೋಪ ಬಂತು. ಅವರು ಹೇಳಲೇಬೇಕಾದ ಮಾತು ಅದು ಎಂದು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಅವರ ಸಲಹೆ ಬೇರೆಯಿತ್ತು. ಮೊದಲು ಮಾತ್ರೆ ಮತ್ತು ಸಣ್ಣ ಕೀಮೋ ಕೊಟ್ಟು ಕೆಟ್ಟ ಕೋಶಗಳನ್ನು ತಗ್ಗಿಸುವುದು. ಆಮೇಲೆ ನನ್ನ ರಕ್ತದಿಂದ ಲಿಂಫೋಸೈಟ್ ಎಂಬ ಬಿಳಿ ಕಣಗಳನ್ನು ತೆಗೆದು, ಸ್ವಲ್ಪ ಸ್ವಲ್ಪವಾಗಿ ಅಣ್ಣನಿಗೆ ಹಾಕುವುದು.

"ಮೊದಲು ಕೊಟ್ಟಿದ್ದು ಸೋತುಹೋಯಿತಾ?" ಎಂದು ಕೇಳಿದೆ.

"ಸೋತಿಲ್ಲ. ನಿಮ್ಮ ಕಣಗಳು ಅಣ್ಣನ ಮೈಯೆಂಬ ಆ ಮನೆಯಲ್ಲಿ ಹೊಂದಿಕೊಂಡು ಬಿಟ್ಟಿವೆ," ಎಂದರು ಡಾಕ್ಟರ್. "ಕೆಟ್ಟ ಕೋಶಗಳು ಅವುಗಳ ಕಣ್ಣು ತಪ್ಪಿಸುವುದು ಕಲಿತಿವೆ. ಈಗ ನಿಮ್ಮಿಂದ ಹೊಸಬರು ಬೇಕು. ಯಾರ ಮುಲಾಜೂ ಇಲ್ಲದವರು."

ಅಣ್ಣ ಆ ದಿನ ಮೊದಲ ಸಲ ನಕ್ಕ. "ಜಗಳ ಆಡೋರು ಬೇಕು ಅಂದ್ರೆ ಡಾಕ್ಟರ್, ಇವಳಿಗಿಂತ ಒಳ್ಳೆ ಜಾಗ ನಿಮಗೆ ಇಡೀ ಬಾಂಬೇಲಿ ಸಿಗಲ್ಲ."

ನಾನೂ ನಕ್ಕೆ. ಆದರೆ ವಾಪಸು ಬರುವಾಗ ದಾದರ್‌ನಲ್ಲಿ ಲೇಡೀಸ್ ಡಬ್ಬಿ ಹತ್ತಿದ ಮೇಲೆ ಮುಲುಂಡ್‌ವರೆಗೂ ಅತ್ತೆ. ನನಗೆ ಆಗ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಊರಿನವರ ಮೇಲೆಲ್ಲ ಹಾರಾಡುವ ನಾನು, ಒಂದೇ ಒಂದು ಕಡೆ ಹೋರಾಡಬೇಕಾಗಿದ್ದಾಗ ನೆಂಟರ ಮನೆಯಲ್ಲಿ ಕಾಲು ಚಾಚಿ ಕೂತುಬಿಟ್ಟಿದ್ದೆ ಎನ್ನಿಸಿತು. ಎದುರಿಗೆ ಕೂತು ಬಟಾಣಿ ಬಿಡಿಸುತ್ತಿದ್ದ ಹೆಂಗಸು ಏನನ್ನೂ ಕೇಳದೆ ನನ್ನ ಕೈಗೆ ಒಂದು ಹಿಡಿ ಬಟಾಣಿ ಹಾಕಿದಳು. ನಾನು ಅಳುತ್ತಲೇ ತಿಂದೆ.

ಮೊದಲ ಚೀಲ ಹಾಕಿದ ದಿನ ನನಗೆ ನಿರಾಶೆಯಾಯಿತು. ಮೂರು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ ಕೊಟ್ಟದ್ದರಲ್ಲಿ ಅಣ್ಣನಿಗೆ ಹಾಕಿದ್ದು ಒಂದು ಸಣ್ಣ ಲೋಟದಷ್ಟೂ ಇರಲಿಲ್ಲ. ಉಳಿದದ್ದನ್ನು ಮುಂದಿನ ಸಲಕ್ಕೆಂದು ಹೆಪ್ಪುಗಟ್ಟಿಸಿ ಇಟ್ಟರು. ಹತ್ತು ನಿಮಿಷದಲ್ಲಿ ಮುಗಿದುಹೋಯಿತು. ಹೆಚ್ಚು ಹಾಕಿದರೆ ನಿಮ್ಮ ಕಣಗಳು ಕ್ಯಾನ್ಸರಿನ ಜೊತೆ ನಿಮ್ಮಣ್ಣನ ಚರ್ಮ, ಕರುಳು, ಲಿವರ್ ಎಲ್ಲದರ ಮೇಲೂ ಬೀಳುತ್ತವೆ, ಅದಕ್ಕೇ ಅಳೆದು ಅಳೆದು ಹಾಕಬೇಕು ಎಂದರು. ನಾವು ಕಾದೆವು. ಏನೂ ಆಗಲಿಲ್ಲ. ಕೆಲವು ವಾರಗಳ ನಂತರ ಎರಡನೆಯ ಚೀಲ ಹಾಕಿದರು, ಮೊದಲಿಗಿಂತ ತುಸು ಹೆಚ್ಚು. ಮೈಮೇಲೆ ಗುಳ್ಳೆಯೋ ಕೆಂಪೋ ಎದ್ದರೆ, ಭೇದಿಯಾದರೆ, ಕಣ್ಣು ಹಳದಿಯಾದರೆ ಅದೇ ದಿನ ಬರಬೇಕು ಎಂದು ನಮ್ಮಿಬ್ಬರಿಗೂ ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು.

ನಮ್ಮಿಬ್ಬರಿಗೆ ಮಾತ್ರ ಹೇಳಿದ್ದೇ ತಪ್ಪಾಯಿತು. ಅವ್ವನೂ ಅತ್ತಿಗೆಯೂ ಆ ಕೋಣೆಯಲ್ಲಿ ಇರಲಿಲ್ಲ. ಅಣ್ಣ ಮನೆಯಲ್ಲಿ ಹೇಳುತ್ತಾನೆ ಎಂದು ನಾನು, ನಾನು ಹೇಳುತ್ತೇನೆ ಎಂದು ಅಣ್ಣ, ಹೀಗೆ ಇಬ್ಬರೂ ಬಿಟ್ಟೆವು.

ಮೂರು ವಾರ ಕಳೆದಿರಬೇಕು. ದಿನಾ ಬೆಳಿಗ್ಗೆ ನಾನು ಅತ್ತಿಗೆಗೆ ಫೋನ್ ಮಾಡಿ ಅಣ್ಣ ಹೇಗಿದ್ದಾನೆ ಎಂದು ಕೇಳುತ್ತಿದ್ದೆ. "ಆರಾಮ ಅದಾರ, ಮಲಗ್ಯಾರ," ಎನ್ನುತ್ತಿದ್ದರು. ಮೂರು ದಿನ ಅದೇ ಉತ್ತರ ಬಂತು. ಮೂರನೆಯ ದಿನ ಮಧ್ಯಾಹ್ನ ಅಣ್ಣನ ಮಗಳು ಕಚೇರಿಗೆ ಫೋನ್ ಮಾಡಿದಳು.

"ಅತ್ತೆ, ನಾನು ನಿಮ್ಮ ಮನೆಗೆ ಊಟಕ್ಕೆ ಬರ್ಲಾ? ಇಲ್ಲಿ ಕುಛ್ ಭೀ ಟೇಸ್ಟ್ ಇಲ್ಲ. ತೀನ್ ದಿನ್ ಸೇ ಒಗ್ಗರಣೆನೇ ಇಲ್ಲ. ದಾಲ್ ಭೀ ಐಸಾ ಹೀ. ಅಜ್ಜಿ ಸಾಸಿವೆ ಡಬ್ಬ ಮೇಲೆ ಇಟ್ಬಿಟ್ಟಿದ್ದಾರೆ."

ಮಂಡ್ಯದ ಕಡೆಯ ಅವ್ವ ಇರುವ ಮನೆಯಲ್ಲಿ ಮೂರು ದಿನ ಒಗ್ಗರಣೆ ಚುರ್ ಎನ್ನಲಿಲ್ಲ ಎಂದರೆ ಅದಕ್ಕೆ ಒಂದೇ ಕಾರಣ. ಮೈಮೇಲೆ ಸಿಡುಬಿನ ಥರ ಗುಳ್ಳೆ ಎದ್ದರೆ ನಮ್ಮಲ್ಲಿ ಅದನ್ನು ಕಾಯಿಲೆ ಎನ್ನುವುದಿಲ್ಲ, ದೇವಿ ಬಂದಿದ್ದಾಳೆ, 'ಅಮ್ಮ' ಬಂದಿದ್ದಾಳೆ ಎನ್ನುತ್ತಾರೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಕರಿಯಬಾರದು, ಔಷಧಿ ಕೊಡಬಾರದು, ಹೊರಗಿನವರಿಗೆ ಹೇಳಬಾರದು. ಬೇವಿನ ಸೊಪ್ಪು ಹಾಸಿ, ಮೊಸರನ್ನ ಕೊಟ್ಟು, ಅವಳು ತಾನಾಗಿ ಇಳಿಯುವವರೆಗೆ ಕಾಯಬೇಕು. ಅಂದರೆ ಅಣ್ಣನ ಮೈಮೇಲೆ ಏನೋ ಎದ್ದಿತ್ತು, ಮೂರು ದಿನವಾಗಿತ್ತು.

ಕೌಂಟರ್ ಮುಂದೆ ನಳದ ನೀರಿನ ದೂರು ತಂದಿದ್ದ ಒಬ್ಬರು ನಿಂತಿದ್ದರು. "ನಾಳೆ ಬನ್ನಿ," ಎಂದು ಕಿಟಕಿ ಮುಚ್ಚಿದೆ. ಅವರು ನನ್ನ ಮೇಲೇ ಒಂದು ದೂರು ಬರೆದು ಕೊಟ್ಟು ಹೋದರೆಂದು ಆಮೇಲೆ ಗೊತ್ತಾಯಿತು. ಆಟೋ ಹಿಡಿದು ಕುರ್ಲಾ ಪಶ್ಚಿಮಕ್ಕೆ ಬಂದು, ಜನರನ್ನು ಭುಜದಿಂದ ತಳ್ಳಿಕೊಂಡು ಸ್ಟೇಷನ್ ಸೇತುವೆ ದಾಟಿ, ಮೂರು ಮಹಡಿ ಒಂದೇ ಉಸಿರಿಗೆ ಹತ್ತಿದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಮುಂಬಯಿಯಲ್ಲಿ ಅವ್ವ ಅದನ್ನು ಎಲ್ಲಿಂದ ಹುಡುಕಿ ತರಿಸಿದ್ದಳೋ!

"ಕಾಲ್ ತೊಳ್ಕಂಡು ಒಳೀಕ್ ಬಾ," ಎಂದಳು ಅವ್ವ, ಪಿಸುಮಾತಿನಲ್ಲಿ.

"ಏನವ್ವ ಇದು? ಎಷ್ಟು ದಿನ ಆಯ್ತು?"

"ಸುಮ್ಕಿರು. ಅಮ್ಮ ಬಂದವ್ಳೆ. ನೀನು ಕಿರುಚಾಡಿದ್ರೆ ಉಗ್ರವಾಯ್ತಾಳೆ."

ಅಮ್ಮ ಉಗ್ರವಾಗುವ ಮೊದಲೇ ನಾನು ಉಗ್ರವಾದೆ. ಏನೆಲ್ಲ ಅಂದೆನೋ ನೆನಪಿಲ್ಲ. ಎರಡನೇ ಮಹಡಿಯ ಗುಜರಾತಿ ಹೆಂಗಸು ಮೆಟ್ಟಿಲ ಹತ್ತಿರ ಬಂದು ನಿಂತು ಕೇಳಿಸಿಕೊಂಡಳು, ಅವಳಿಗೆ ಕನ್ನಡ ಬರದಿದ್ದದ್ದು ಒಳ್ಳೆಯದಾಯಿತು. ಒಳಗೆ ಅಣ್ಣ ಬೇವಿನ ಎಲೆಗಳ ನಡುವೆ ಮಲಗಿದ್ದ. ಎದೆ, ಕಿವಿಯ ಹಿಂಬದಿ, ಎರಡೂ ಅಂಗೈಗಳು ಕೆಂಪಗೆ ಆಗಿದ್ದವು.

"ಮಾತ್ರೆ?" ಎಂದು ಅತ್ತಿಗೆಯ ಕಡೆ ತಿರುಗಿದೆ.

ಅತ್ತಿಗೆ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದರು. "ಅತ್ತಿಯಾರು ಗುಳಗಿ ಕೊಡಬ್ಯಾಡ ಅಂದ್ರು. ನಾ ಬಿಡ್ತೀನೇನು? ಮಸರನ್ನದಾಗ ಹುದುಗಿಸಿ ಎಲ್ಲಾ ತಿನ್ನಿಸೇನಿ. ಒಂದೂ ತಪ್ಪಿಲ್ಲ."

ನಾನು ಅವರನ್ನು ಅಪ್ಪಿಕೊಂಡೆ.

ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗುವಾಗ ಅಣ್ಣನಿಗೆ ಕೇಳಿದೆ. "ನಿನಗಾದ್ರೂ ಬುದ್ಧಿ ಬೇಡ್ವಾ? ಡಾಕ್ಟರ್ ಹೇಳಿದ್ದನ್ನ ನೀನೂ ಕೇಳಿಸ್ಕೊಂಡಿದ್ದೆ ತಾನೆ?"

ಅವನು ಕಿಟಕಿಯ ಆಚೆ ನೋಡುತ್ತಾ ಹೇಳಿದ. "ಇನ್ನೊಂದು ಕೆಟ್ಟ ಸುದ್ದಿ ಕೇಳೋಕೆ ನನ್ ಕೈಲಿ ಆಗ್ತಿರ್ಲಿಲ್ಲ ಕಣೇ. ಅವ್ವ, 'ಅಮ್ಮ ಬಂದವ್ಳೆ' ಅಂದಾಗ ಒಂಥರಾ ಹಾಯ್ ಅನ್ನಿಸ್ತು. ಅದಾದ್ರೆ ಒಂಬತ್ತು ದಿನಕ್ಕೆ ಹೋಗುತ್ತಲ್ಲ."

ಅವನ ಕೆಂಪು ಅಂಗೈಯನ್ನು ಮುಟ್ಟಲೂ ಹೆದರಿಕೆಯಾಗಿ, ಅಂಗಿಯ ತೋಳನ್ನು ಹಿಡಿದುಕೊಂಡು ಕೂತೆ.

ಡಾಕ್ಟರ್ ಅಂಗಿ ಬಿಚ್ಚಿಸಿ ನೋಡುವಾಗ ಜೇಬಿನಿಂದ ಒಂದು ಬೇವಿನ ಕಡ್ಡಿ ಬಿತ್ತು. ಹೊಸ್ತಿಲು ದಾಟಿಸುವಾಗ ಅವ್ವ ಗೊತ್ತಾಗದಂತೆ ಇಟ್ಟಿದ್ದಳು. ಸುದ್ದಿಯೆಲ್ಲ ಹೊರಬಂತು. ರೋಗನಿರೋಧಕ ಶಕ್ತಿಯೇ ಇಲ್ಲದ ಮನುಷ್ಯನ ಹಾಸಿಗೆಯ ಮೇಲೆ ಹಸಿ ಸೊಪ್ಪಾ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರಾ, ಮೂರು ದಿನ ತಡವಾ ಎಂದು ಅವರು ಬೈದ ರೀತಿ ನೋಡಿ, ನನ್ನ ಕೌಂಟರಿಗೆ ಸರಿಯಾದವರು ಇವರೇ ಎನ್ನಿಸಿತು. ಬೈದು ಮುಗಿಸಿ ಅಂಗೈಯನ್ನು ದೀಪದ ಕೆಳಗೆ ಹಿಡಿದು ನೋಡಿದರು, ಕಿವಿಯ ಹಿಂದೆ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಚರ್ಮದ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು, ರಕ್ತ ತೆಗೆಸಿದರು. ಎರಡು ದಿನ ಅಲ್ಲೇ ಉಳಿಸಿಕೊಂಡರು. ಎಲ್ಲ ರಿಪೋರ್ಟ್ ಬಂದ ಮೇಲೆ ನಮ್ಮ ಎದುರಿಗೆ ಕೂತು, ನನ್ನ ಕಡೆ ಬೆರಳು ತೋರಿಸಿ ಅಣ್ಣನಿಗೆ ಹೇಳಿದರು.

"ಯೇ ದೇವೀ ನಹೀಂ ಹೈ. ಯೇ ಆಪ್ ಕೀ ಬೆಹೆನ್ ಹೈ."

ದೇವಿಯಲ್ಲ, ಅವನ ತಂಗಿ. ನನ್ನ ಕಣಗಳು ಕೊನೆಗೂ ಎದ್ದಿದ್ದವು. ಅಣ್ಣನ ಚರ್ಮದ ಮೇಲೆ ರೇಗಾಡುತ್ತಿದ್ದವಳು ನಾನೇ. ಲಿವರ್ ಚೆನ್ನಾಗಿತ್ತು, ಕರುಳು ಚೆನ್ನಾಗಿತ್ತು. ಇಷ್ಟೇ ರೇಗಾಟವಾದರೆ ಒಳ್ಳೆಯ ಲಕ್ಷಣ, ಚರ್ಮದ ಮೇಲೆ ಬಿದ್ದವರು ಕ್ಯಾನ್ಸರಿನ ಮೇಲೂ ಬಿದ್ದಿರಬಹುದು, ಖಚಿತವಾಗಿ ಹೇಳಲು ಮಜ್ಜೆಯ ಪರೀಕ್ಷೆ ಆಗಬೇಕು ಎಂದರು. ಜೋರಾದ ಔಷಧಿ ಕೊಟ್ಟರೆ ಕಣಗಳೂ ಮೆತ್ತಗಾಗುತ್ತವೆ, ಅದಕ್ಕೆ ಸದ್ಯಕ್ಕೆ ಹಚ್ಚುವ ಮುಲಾಮು ಸಾಕು, ಆದರೆ ಹೆಚ್ಚಾದರೆ ಒಂದು ಗಂಟೆಯೂ ಕಾಯಬಾರದು ಎಂದು ಮತ್ತೊಮ್ಮೆ ಗದರಿಸಿದರು.

ಮನೆಗೆ ಬಂದು ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ದೇವಿಯಲ್ಲ, ಮಗಳು ಎಂಬುದನ್ನು ಅರಗಿಸಿಕೊಳ್ಳಲು ಅವಳಿಗೆ ಒಂದು ಕಪ್ ಕಾಫಿಯಷ್ಟು ಹೊತ್ತು ಬೇಕಾಯಿತು. ಆಮೇಲೆ ಎದ್ದು ಅಡಿಗೆಮನೆಗೆ ಹೋದಳು. ಅಮ್ಮ ಇಳಿಯುವಾಗ ಅವಳನ್ನು ಸಮಾಧಾನ ಮಾಡಲು 'ತಂಪು' ಎಂದು ಮೊಸರನ್ನ ಎಡೆ ಇಡುತ್ತಾರೆ. ಅವ್ವ ತಟ್ಟೆಯಲ್ಲಿ ಮೊಸರನ್ನ ಕಲಸಿ ತಂದು, ಒಂದು ಮಣೆ ಹಾಕಿ, "ಕೂತ್ಕೊ," ಎಂದಳು. ಅಣ್ಣನಿಗೆ ಹೇಳುತ್ತಿದ್ದಾಳೆ ಎಂದುಕೊಂಡೆ. ಹೇಳಿದ್ದು ನನಗೆ.

"ಏನವ್ವ ಹುಚ್ಚಾಟ!"

"ಕೂತ್ಕೊ ಅಂದ್ನಲ್ಲ. ಅಲ್ಲಿ ಸಿಟ್ ಮಾಡ್ಕಂಡಿರೋಳು ನೀನೇ ಅಂದ್ಮೇಲೆ ತಂಪು ನಿಂಗೇ ಮಾಡ್ಬೇಕು."

ಅಣ್ಣನ ಮಗಳು ಫೋನ್ ತೆಗೆದು ವಿಡಿಯೋ ಮಾಡತೊಡಗಿದಳು. ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನು ಮಣೆಯ ಮೇಲೆ ಕೂತೆ. ಎಂಬತ್ತು ದಾಟಿದ ಅವ್ವ ಕಷ್ಟಪಟ್ಟು ನನ್ನೆದುರಿಗೆ ನೆಲದ ಮೇಲೆ ಕೂತು, ಮೊದಲ ತುತ್ತನ್ನು ತಾನೇ ನನ್ನ ಬಾಯಿಗಿಟ್ಟಳು.

"ಇದ್ಕಿಂತ ಜಾಸ್ತಿ ಸಿಟ್ ಮಾಡ್ಕಬ್ಯಾಡ ಕನವ್ವ. ಅವನ್ಗೆ ಎಷ್ಟು ಬೇಕೋ ಅಷ್ಟು ಮಾಡ್ಕಂಡು ಸುಮ್ನಾಗು. ನನ್ ಮಗನ್ನ ಉಳುಸ್ಕೊಡು."

ಆಗ ಯಾರೂ ನಗಲಿಲ್ಲ. ವಿಡಿಯೋ ಅಲ್ಲಿಗೇ ನಿಂತಿದೆ.

ಆರು ವಾರಗಳ ನಂತರ ಮಜ್ಜೆಯ ಪರೀಕ್ಷೆ ಆಯಿತು. ಕೆಟ್ಟ ಕೋಶಗಳು ಕಾಣಲಿಲ್ಲ. ಡಾಕ್ಟರ್ ರಿಪೋರ್ಟನ್ನು ಎರಡು ಸಲ ಓದಿ, "ಸದ್ಯಕ್ಕೆ ಮಜ್ಜೆ ಪೂರ್ತಿ ನಿಮ್ಮ ತಂಗಿಯದೇ," ಎಂದರು. ಸದ್ಯಕ್ಕೆ ಎಂಬ ಮಾತನ್ನು ಅವರು ಒತ್ತಿ ಹೇಳಿದ್ದನ್ನು ನಾವಿಬ್ಬರೂ ಗಮನಿಸಿದೆವು. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ. ಮತ್ತೆ ಬಂದರೆ ಏನು ಎಂದು ನಾನು ಕೇಳಿದೆ. ಇನ್ನೂ ದಾರಿಗಳಿವೆ, ಆಗ ನೋಡೋಣ, ಈಗ ಹೋಗಿ ಬದುಕಿ ಎಂದರು. ದಟ್ಟಣೆ ಇಲ್ಲದ ಹೊತ್ತಿನ ಲೋಕಲ್‌ನಲ್ಲಿ, ಮಾಸ್ಕ್ ಹಾಕಿಕೊಂಡು ಅಣ್ಣ ದಾದರ್‌ನಲ್ಲಿರುವ ತನ್ನ ಕಚೇರಿಗೆ ಮತ್ತೆ ಹೋಗಬಹುದು ಎಂದೂ ಹೇಳಿದರು.

ಕೆಲಸಕ್ಕೆ ಹೋಗಲು ಅಣ್ಣನಿಗೆ ಟ್ರೈನ್ ಪಾಸ್ ಬೇಕಿತ್ತು. ಕಾಯಿಲೆ ಮರಳಿದ ದಿನದಿಂದ ಅವನು ಪಾಸ್ ಮಾಡಿಸಿರಲಿಲ್ಲ, ಆಸ್ಪತ್ರೆಗೆ ಹೋಗುವಾಗಲೆಲ್ಲ ಆ ದಿನದ ಟಿಕೆಟ್ ತೆಗೆದುಕೊಳ್ಳುತ್ತಿದ್ದ. ನಾವಿಬ್ಬರೂ ಕುರ್ಲಾ ಸ್ಟೇಷನ್‌ನ ಸಾಲಿನಲ್ಲಿ ನಿಂತೆವು. ನಾನೇಕೆ ಹೋದೆನೆಂದರೆ ಆ ದಿನಗಳಲ್ಲಿ ನನಗೆ ಅವನನ್ನು ಬಿಟ್ಟಿರಲು ಆಗುತ್ತಿರಲಿಲ್ಲ.

"ಮಂಥ್ಲೀ? ಕ್ವಾರ್ಟರ್ಲೀ?" ಎಂದು ಕಿಟಕಿಯ ಒಳಗಿನವನು ತಲೆ ಎತ್ತದೆ ಕೇಳಿದ.

ಡಾಕ್ಟರ್ ಮಾತು ಕೊಟ್ಟದ್ದು ಮೂರು ತಿಂಗಳಿಗೆ ಮಾತ್ರ. ಕ್ವಾರ್ಟರ್ಲೀ ಎಂಬ ಪದ ನನ್ನ ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಅಣ್ಣ ಮಾಸ್ಕನ್ನು ಸ್ವಲ್ಪ ಕೆಳಗೆ ಎಳೆದು, ಕಿಟಕಿಗೆ ಬಾಗಿ, ಸ್ಪಷ್ಟವಾಗಿ ಹೇಳಿದ.

"ಪೂರೇ ಸಾಲ್ ಕಾ ದೀಜಿಯೇ."

ಇಡೀ ವರ್ಷದ್ದು! ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಹಿಂದೆ ನಿಂತಿದ್ದವನು, "ಅರೇ ಮ್ಯಾಡಂ, ಸೈಡ್ ಹೋ ಜಾವೋ, ಗಾಡೀ ಛೂಟ್ ಜಾಯೇಗೀ," ಎಂದ. ನಾನು ತಿರುಗಿ, ಕಣ್ಣು ಮೂಗು ಒರೆಸಿಕೊಳ್ಳುತ್ತಾ, ಹಿಂದಿ ಮರಾಠಿ ಕನ್ನಡ ಮೂರರಲ್ಲೂ ಅವನ ಜನ್ಮ ಜಾಲಾಡಿಬಿಟ್ಟೆ. ಒಂದು ವರ್ಷದ ಪಾಸ್ ಅಚ್ಚಾಗಿ ಹೊರಗೆ ಬರುವಷ್ಟು ಹೊತ್ತೂ ಬೈದೆ. ಯಾಕೆ ಬೈಸಿಕೊಳ್ಳುತ್ತಿದ್ದೇನೆ, ಬೈಯುವವಳು ಯಾಕೆ ಅಳುತ್ತಿದ್ದಾಳೆ ಎಂದು ಆ ಪಾಪದ ಮನುಷ್ಯನಿಗೆ ಕೊನೆಗೂ ಗೊತ್ತಾಗಲಿಲ್ಲ.